ಯಾರದೋ ದುಡ್ಡು, ಯಾರದೋ ರುಜು: ಮುಂದ್ರಾ ಪ್ರಕರಣವನ್ನು ನೆನೆದು



2024ರ ಜೂನ್ ತಿಂಗಳಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಆತ ಈಗ ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದಾನೆ. ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಸುದ್ದಿ ಆಗ ಪತ್ರಿಕೆಗಳ ಮುಖಪುಟವನ್ನು ತುಂಬಿತ್ತು. ಬಡವರಿಗಾಗಿ ಮೀಸಲಿಟ್ಟ ನಿಗಮದ ಹಣದಲ್ಲಿ 80 ಕೋಟಿ ರೂಪಾಯಿಗೂ ಮೀರಿದ ಮೊತ್ತವು ಯಾರುಯಾರದೋ ಖಾತೆಗಳಿಗೆ ಹರಿದುಹೋಗಿತ್ತು. ಅಲ್ಲಿಯ ಲೆಕ್ಕಪತ್ರ ವಿಭಾಗದ ಅಧೀಕ್ಷಕರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡಿದ್ದರು. ಸಂಬಂಧಪಟ್ಟ ಸಚಿವರು ರಾಜೀನಾಮೆ ಕೊಟ್ಟಿದ್ದರು. ಶಿಷ್ಯ ಕೇಳಿದ: "ಸಾರ್, ನಿಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ ಅಲ್ಲವೇ?"

ಆ ಪ್ರಕರಣ ತನಿಖಾ ಸಂಸ್ಥೆಗಳ ಮತ್ತು ನ್ಯಾಯಾಲಯಗಳ ಮುಂದೆ ಹೋದದ್ದು. ಅದರ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಶಿಷ್ಯನ ಪ್ರಶ್ನೆ ಇತಿಹಾಸದ ಪ್ರಶ್ನೆ. ಅದಕ್ಕೆ ಉತ್ತರಿಸದೆ ಬಿಟ್ಟರೆ ಮೂವತ್ತೇಳು ವರ್ಷ ಸಮಾಜಶಾಸ್ತ್ರದ ಪಾಠ ಹೇಳಿದ್ದಕ್ಕೆ ಅರ್ಥವಿರುವುದಿಲ್ಲ. "ಇತ್ತಪ್ಪಾ, ನಾನು ಹುಟ್ಟುವ ಮೊದಲೇ ಇತ್ತು. ವಿವರವಾಗಿ ಬರೆಯುತ್ತೇನೆ" ಎಂದಿದ್ದೆ. ಬರೆಯಲು ಇಷ್ಟು ದಿನ ಹಿಡಿಯಿತು. ತಡವಾದದ್ದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ತಂದೆಯವರು ಹಳ್ಳಿಯ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದರು. 1955ರಲ್ಲಿ ಎರಡು ಸಾವಿರ ರೂಪಾಯಿಗಳ ಒಂದು ಜೀವ ವಿಮಾ ಪಾಲಿಸಿಯನ್ನು ಇಪ್ಪತ್ತೈದು ವರ್ಷಗಳ ಅವಧಿಗೆ ಮಾಡಿಸಿದ್ದರು. ಆಗ ವಿಮೆ ಖಾಸಗಿ ಕಂಪನಿಗಳ ವ್ಯವಹಾರ. ಮರುವರ್ಷವೇ ಆ ಕಂಪನಿ ಹೋಗಿ ಸರ್ಕಾರದ ಜೀವ ವಿಮಾ ನಿಗಮ ಬಂದಿತು. ಕಂತಿನ ರಸೀದಿಗಳನ್ನು ಅವರು ದಾರದಲ್ಲಿ ಪೋಣಿಸಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೊದಲಿನ ರಸೀದಿಗಳಲ್ಲಿ ಆಣೆಯ ಲೆಕ್ಕ. 1957ರ ಏಪ್ರಿಲ್ ನಂತರದವುಗಳಲ್ಲಿ ನಯಾಪೈಸೆಯ ಲೆಕ್ಕ. ಮನೆಯಲ್ಲಿ ಏನೇ ಕೊರತೆ ಇರಲಿ, ಕಂತು ಮಾತ್ರ ತಪ್ಪುತ್ತಿರಲಿಲ್ಲ.

ವಿಮೆಯನ್ನು ಸರ್ಕಾರ ಏಕೆ ವಹಿಸಿಕೊಂಡಿತು ಎಂಬುದನ್ನು ಮೊದಲು ತಿಳಿಯಬೇಕು. ಖಾಸಗಿ ವಿಮಾ ಕಂಪನಿಗಳ ಕೆಲವು ಒಡೆಯರು ಪಾಲಿಸಿದಾರರ ಹಣವನ್ನು ತಮ್ಮ ಸ್ವಂತ ವ್ಯಾಪಾರಕ್ಕೆ ತಿರುಗಿಸಿಕೊಳ್ಳುತ್ತಿದ್ದರು. 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ರಾಮಕೃಷ್ಣ ದಾಲ್ಮಿಯಾ ಅವರ ಭಾರತ್ ಇನ್ಶೂರೆನ್ಸ್ ಕಂಪನಿಯ ಅವ್ಯವಹಾರವನ್ನು ಬಯಲಿಗೆಳೆದರು. ದಾಲ್ಮಿಯಾ ಮುಂದೆ ಸೆರೆಮನೆಗೆ ಹೋದರು. 1956ರ ಜನವರಿ 19ರಂದು ಸುಗ್ರೀವಾಜ್ಞೆಯ ಮೂಲಕ ಜೀವ ವಿಮಾ ಕಂಪನಿಗಳ ಆಡಳಿತ ಸರ್ಕಾರದ ಕೈಗೆ ಬಂದಿತು. ಆಗ ಹಣಕಾಸು ಸಚಿವರಾಗಿದ್ದವರು ಸಿ.ಡಿ. ದೇಶಮುಖ್. ಅದೇ ವರ್ಷ ಸೆಪ್ಟೆಂಬರ್ 1ರಂದು, ಇನ್ನೂರ ನಲವತ್ತಕ್ಕೂ ಮಿಕ್ಕಿದ ಸಂಸ್ಥೆಗಳನ್ನು ಒಂದುಗೂಡಿಸಿ, ಐದು ಕೋಟಿ ರೂಪಾಯಿಗಳ ಸರ್ಕಾರಿ ಬಂಡವಾಳದೊಡನೆ ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾಯಿತು. ಹೊಲ ಮೇಯುವ ದನಗಳ ಕಾಟ ತಪ್ಪಿಸಲು ಹಾಕಿದ ಬೇಲಿ ಅದು. ಆ ಬೇಲಿಗೆ ಒಂದು ವರ್ಷ ತುಂಬುವುದಕ್ಕೆ ಮೊದಲೇ ನಡೆದ ಸಂಗತಿಯನ್ನು ನಾನೀಗ ಹೇಳಹೊರಟಿರುವುದು.

ಹರಿದಾಸ್ ಮುಂದ್ರಾ ಕಲಕತ್ತೆಯ ಉದ್ಯಮಿ. ವಿದ್ಯುತ್ ಬಲ್ಬುಗಳನ್ನು ಮಾರುತ್ತ ವ್ಯಾಪಾರ ಆರಂಭಿಸಿದರೆಂದು ಹೇಳುತ್ತಾರೆ. ಷೇರುಗಳ ಕೊಡುಕೊಳೆಯಿಂದ ಮೇಲೇರಿ, ಬ್ರಿಟಿಷರು ಬಿಟ್ಟುಹೋದ ಹಲವು ಹಳೆಯ ಕಂಪನಿಗಳ ಮೇಲೆ ಹಿಡಿತ ಸಾಧಿಸಿದ್ದರು. 1957ರ ಹೊತ್ತಿಗೆ ಅವರು ಸಾಲದಲ್ಲಿ ಮುಳುಗಿದ್ದರು. ಅವರ ವ್ಯವಹಾರ ನಂಬಿಕೆಗೆ ಅರ್ಹವಲ್ಲವೆಂಬ ಮಾತು ಷೇರುಪೇಟೆಯಲ್ಲಿ ಗುಟ್ಟಾಗಿಯೇನೂ ಉಳಿದಿರಲಿಲ್ಲ.

ಇಂಥವರ ಆರು ಕಂಪನಿಗಳ ಷೇರುಗಳನ್ನು ಜೀವ ವಿಮಾ ನಿಗಮವು 1957ರ ಜೂನ್ ತಿಂಗಳಿನಲ್ಲಿ ಒಟ್ಟಿಗೇ ಕೊಂಡಿತು. ರಿಚರ್ಡ್‌ಸನ್ ಕ್ರುಡಾಸ್, ಜೆಸಪ್ಸ್, ಸ್ಮಿತ್ ಸ್ಟ್ಯಾನಿಸ್ಟ್ರೀಟ್, ಆಸ್ಲರ್ ಲ್ಯಾಂಪ್ಸ್, ಏಂಜಲೋ ಬ್ರದರ್ಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಎಂಬುವು ಆ ಕಂಪನಿಗಳು. ಕೊಟ್ಟ ಹಣ 1,26,86,100 ರೂಪಾಯಿ. ಅಂದು ಪ್ರಾಥಮಿಕ ಶಾಲಾ ಉಪಾಧ್ಯಾಯರ ಸಂಬಳ ತಿಂಗಳಿಗೆ ನೂರು ರೂಪಾಯಿಯ ಮುಖವನ್ನೂ ಕಾಣುವುದು ಕಷ್ಟವಾಗಿದ್ದ ಕಾಲ ಎಂಬುದನ್ನು ನೆನೆದರೆ ಈ ಮೊತ್ತದ ಗಾತ್ರ ತಿಳಿದೀತು.

ಹಣ ಹೂಡುವ ಮುನ್ನ ವಿಚಾರ ಮಾಡಬೇಕೆಂದು ನಿಗಮದಲ್ಲಿ ಹೂಡಿಕೆ ಸಮಿತಿಯೊಂದು ಇತ್ತು. ಷೇರುಪೇಟೆಯನ್ನು ಬಲ್ಲವರು ಅದರಲ್ಲಿದ್ದರು. ಅವರನ್ನು ಮುಂಚಿತವಾಗಿ ಕೇಳಲಿಲ್ಲ. ಕೊಂಡ ಮೇಲೆ ತಿಳಿಸಲಾಯಿತು. ಕಾನೂನಿನಲ್ಲಿ ಮತ್ತೊಂದು ಬಂದೋಬಸ್ತೂ ಇತ್ತು. 1956ರ ಜೀವ ವಿಮಾ ನಿಗಮ ಕಾಯಿದೆಯ 21ನೆಯ ಕಲಮಿನ ಪ್ರಕಾರ, ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ನೀತಿಯ ವಿಷಯದಲ್ಲಿ ಕೇಂದ್ರ ಸರ್ಕಾರವು ನಿಗಮಕ್ಕೆ ನಿರ್ದೇಶನ ಕೊಡಬಹುದು. ಆದರೆ ಅದು ಬರವಣಿಗೆಯಲ್ಲಿರಬೇಕು. ಇಲ್ಲಿ ಅಂಥ ಒಂದು ಸಾಲಿನ ಬರಹವೂ ಇರಲಿಲ್ಲ. ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್.ಎಂ. ಪಟೇಲರು ಮಾತಿನಲ್ಲಿ ಹೇಳಿದರು. ನಿಗಮದ ಹಿರಿಯ ಅಧಿಕಾರಿಗಳು ಅದನ್ನೇ ಸರ್ಕಾರದ ಆಜ್ಞೆಯೆಂದು ತಿಳಿದು ನಡೆಸಿಕೊಟ್ಟರು.

ಇಲ್ಲಿ ನಿಂತು ಒಂದು ಮಾತನ್ನು ಗಮನಿಸಬೇಕು. ಇಡೀ ಪ್ರಕರಣದಲ್ಲಿ ಯಾರೂ ರಾತ್ರೋರಾತ್ರಿ ಖಜಾನೆಯ ಬೀಗ ಒಡೆಯಲಿಲ್ಲ. ನಿಯಮಗಳು ಇದ್ದವು, ಸಮಿತಿ ಇತ್ತು, ಕಾಯಿದೆಯ ಕಲಮೂ ಇತ್ತು. ಆದರೆ 'ಬರೆದು ಕೊಡಿ, ಆಮೇಲೆ ರುಜು ಹಾಕುತ್ತೇನೆ' ಎಂದು ಹೇಳುವ ಒಬ್ಬ ಅಧಿಕಾರಿ ಆ ದಿನ ಆ ಜಾಗದಲ್ಲಿ ಇರಲಿಲ್ಲ.

ವಿಷಯ ಹೊರಬಂದ ಬಗೆಯೂ ತಿಳಿಯತಕ್ಕದ್ದು. ಲೋಕಸಭೆಯಲ್ಲಿ ಮೊದಲು ಕೇಳಿದ ಪ್ರಶ್ನೆಗಳಿಗೆ ಸರ್ಕಾರದಿಂದ ಪೂರ್ಣ ಉತ್ತರ ಬರಲಿಲ್ಲ. ಸುಳ್ಳೆಂದು ಹೇಳಲಾಗದ, ಆದರೆ ನಿಜವೂ ಅಲ್ಲದ ಅರೆಬರೆ ಉತ್ತರಗಳು ಬಂದವು. 1957ರ ಡಿಸೆಂಬರ್ 16ರಂದು ಮತ್ತೆ ಫಿರೋಜ್ ಗಾಂಧಿಯವರೇ ಎದ್ದು ನಿಂತರು. ಅವರು ಆಡಳಿತ ಪಕ್ಷದ ಸದಸ್ಯರು. ಪ್ರಧಾನಿ ನೆಹರೂ ಅವರ ಅಳಿಯ. ತಮ್ಮದೇ ಪಕ್ಷದ ಸರ್ಕಾರವನ್ನು ಅವರು ದಾಖಲೆಗಳ ಸಮೇತ ಪ್ರಶ್ನಿಸಿದರು. ಹೂಡಿಕೆ ಸಮಿತಿಯನ್ನು ಏಕೆ ಕೇಳಲಿಲ್ಲ? ಪೇಟೆಯ ಬೆಲೆಗಿಂತ ಹೆಚ್ಚು ಬೆಲೆಯನ್ನು ಏಕೆ ಕೊಟ್ಟಿರಿ? ಸಾಲದಲ್ಲಿದ್ದ ಒಬ್ಬ ವ್ಯಕ್ತಿಯ ಕೈಯಿಂದ, ಅವನದೇ ಕಂಪನಿಗಳ ಷೇರುಗಳನ್ನು ಒಟ್ಟಿಗೆ ಕೊಳ್ಳುವ ಅಗತ್ಯವೇನಿತ್ತು? ಅವರ ಪ್ರಶ್ನೆಗಳು ಇಂಥ ಸರಳವಾದ ಪ್ರಶ್ನೆಗಳೇ ಆಗಿದ್ದವು.

ಸರ್ಕಾರ ತನಿಖೆಗೆ ಒಪ್ಪಲೇಬೇಕಾಯಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ 1958ರ ಜನವರಿಯಲ್ಲಿ ನೇಮಕವಾಯಿತು. ಛಾಗ್ಲಾ ಅವರು ವಿಚಾರಣೆಯನ್ನು ಮುಂಬಯಿಯಲ್ಲಿ ಬಹಿರಂಗವಾಗಿಯೇ ನಡೆಸಿದರು. ಒಳಗೆ ಜಾಗ ಸಾಲದೆ ಹೊರಗೆ ಧ್ವನಿವರ್ಧಕಗಳನ್ನು ಕಟ್ಟಬೇಕಾಯಿತು. ಸಚಿವರು, ಕಾರ್ಯದರ್ಶಿಗಳು, ನಿಗಮದ ಅಧ್ಯಕ್ಷರು ಸಾಮಾನ್ಯರಂತೆ ಬಂದು ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಜನ ರಸ್ತೆಯಲ್ಲಿ ನಿಂತು ಕೇಳಿದರು. ಫೆಬ್ರವರಿ 10ರ ಹೊತ್ತಿಗೆ ವರದಿ ಸಿದ್ಧ! ಒಂದೊಂದು ಆಯೋಗ ಹತ್ತಾರು ವರ್ಷ ನಡೆಯುವುದನ್ನು ಕಂಡ ನಮಗೆ ಇದು ಕಥೆಯಂತೆ ತೋರುತ್ತದೆ.

ಷೇರುಪೇಟೆ ಕುಸಿಯದಂತೆ ಆಧಾರ ಕೊಡಲು ಈ ಖರೀದಿ ಮಾಡಲಾಯಿತೆಂಬುದು ಅಧಿಕಾರಿಗಳ ಸಮರ್ಥನೆ. ಛಾಗ್ಲಾ ಅದನ್ನು ಒಪ್ಪಲಿಲ್ಲ. ಪೇಟೆಗೆ ಆಧಾರ ಕೊಡುವುದೇ ಉದ್ದೇಶವಾಗಿದ್ದರೆ ಒಬ್ಬನೇ ವ್ಯಕ್ತಿಯ ಕಂಪನಿಗಳನ್ನು ಆರಿಸಬೇಕಾದ ಕಾರಣವಿರಲಿಲ್ಲ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದರು; ಕಾರ್ಯದರ್ಶಿಗಳು ಸಚಿವರಿಗೆ ತಿಳಿಸಿಯೇ ಮಾಡಿದ್ದೆಂದರು. ನಡೆದದ್ದೆಲ್ಲ ಬಾಯಿಮಾತಿನಲ್ಲಿ ನಡೆದಿದ್ದರಿಂದ ಯಾರ ಮಾತು ನಿಜವೆಂದು ತೋರಿಸುವ ಕಾಗದವಿರಲಿಲ್ಲ. ತನ್ನ ಇಲಾಖೆಯ ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಸಚಿವನೇ ಹೊಣೆ, ಅದರಿಂದ ನುಣುಚಿಕೊಳ್ಳುವಂತಿಲ್ಲ ಎಂದು ಛಾಗ್ಲಾ ತೀರ್ಮಾನಿಸಿದರು. ಕೃಷ್ಣಮಾಚಾರಿಯವರು ಅದೇ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಮುಂದ್ರಾ ಶಿಕ್ಷೆಗೊಳಗಾಗಿ ಸೆರೆಮನೆ ಸೇರಿದರು.

ಇತಿಹಾಸ ಯಾರನ್ನೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳುಪು ಮಾಡಿ ತೋರಿಸುವುದಿಲ್ಲ. ಕೃಷ್ಣಮಾಚಾರಿಯವರು ಮುಂದೆ ಮತ್ತೆ ಕೇಂದ್ರ ಸಚಿವರಾಗಿ, ಹಣಕಾಸು ಖಾತೆಯನ್ನೂ ಪುನಃ ವಹಿಸಿಕೊಂಡರು. ಪಟೇಲರು ಸರ್ಕಾರಿ ಸೇವೆಯನ್ನು ಬಿಟ್ಟು, ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ವಿದ್ಯಾಸಂಸ್ಥೆಗಳ ಕೆಲಸದಲ್ಲಿ ತೊಡಗಿ, 1977ರಲ್ಲಿ ಮೊರಾರ್ಜಿ ದೇಸಾಯಿಯವರ ಸಂಪುಟದಲ್ಲಿ ತಾವೇ ಹಣಕಾಸು ಸಚಿವರಾದರು. ಇಬ್ಬರೂ ದಕ್ಷರೆಂದು ಹೆಸರಾದವರು. ದಕ್ಷರೂ ಬಾಯಿಮಾತಿನಲ್ಲಿ ಸಾರ್ವಜನಿಕ ಹಣದ ವ್ಯವಹಾರ ನಡೆಸಿದರೆ ಏನಾಗುತ್ತದೆ ಎಂಬುದೇ ಇಲ್ಲಿಯ ಪಾಠ.

ಆಮೇಲೆ ಆದ ಸುಧಾರಣೆಗಳೂ ಉಂಟು. ನಿಗಮಗಳ ದಿನನಿತ್ಯದ ಕೆಲಸದಲ್ಲಿ ಸರ್ಕಾರ ಕೈಹಾಕಬಾರದು, ಹೇಳುವುದಿದ್ದರೆ ಲಿಖಿತವಾಗಿ ಹೇಳಬೇಕು, ಸಂಸತ್ತಿಗೆ ವಿಷಯವನ್ನು ಸಚಿವರೇ ಮೊದಲು ತಿಳಿಸಬೇಕು ಎಂಬ ತತ್ತ್ವಗಳನ್ನು ಛಾಗ್ಲಾ ವರದಿ ಎತ್ತಿಹಿಡಿಯಿತು. 1964ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ ಕೆಲಸ ಆರಂಭಿಸಿತು. ನಮ್ಮ ರಾಜ್ಯದ ವಿಧಾನಮಂಡಲದಲ್ಲೂ ಅಂಥದೇ ಸಮಿತಿಯಿದೆ. ಸರ್ಕಾರಿ ಕಂಪನಿಗಳ ಲೆಕ್ಕವನ್ನು ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು ನೋಡುವ ಏರ್ಪಾಡಿದೆ.

ಹಾಗಿದ್ದೂ ಅದೇ ಕಥೆ ಹೆಸರು ಬದಲಿಸಿಕೊಂಡು ಏಕೆ ಮರಳಿ ಬರುತ್ತದೆ? ನನಗೆ ತೋಚುವ ಕಾರಣಗಳು ಎರಡು. ಮೊದಲನೆಯದು, ಪರೀಕ್ಷೆ ತಡವಾಗಿ ನಡೆಯುವುದು. ಎಷ್ಟೋ ರಾಜ್ಯ ನಿಗಮಗಳು ತಮ್ಮ ವಾರ್ಷಿಕ ಲೆಕ್ಕಪತ್ರಗಳನ್ನು ವರ್ಷಗಟ್ಟಲೆ ಅಂತಿಮಗೊಳಿಸದೆ ಬಾಕಿ ಉಳಿಸಿಕೊಳ್ಳುತ್ತವೆಂದು ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಎಚ್ಚರಿಸಿವೆ. ಎಂಟನೆಯ ತರಗತಿಯ ಉತ್ತರಪತ್ರಿಕೆಯನ್ನು ಹುಡುಗ ಪಿ.ಯು.ಸಿ.ಗೆ ಹೋದ ಮೇಲೆ ತಿದ್ದಿದರೆ ಅವನಿಗೇನು ಪ್ರಯೋಜನ? ತಪ್ಪು ಮಾಡಿದವರು ಅಷ್ಟರಲ್ಲಿ ವರ್ಗವಾಗಿರುತ್ತಾರೆ, ನಿವೃತ್ತರಾಗಿರುತ್ತಾರೆ. ಹಣ ಹೊಳೆ ದಾಟಿರುತ್ತದೆ. ಎರಡನೆಯದು, ಹಣದ ನಿಜವಾದ ಒಡೆಯ ಅಲ್ಲಿ ಇಲ್ಲದಿರುವುದು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಶೆಟ್ಟರಿಗೆ ಸಂಜೆಯೇ ಗೊತ್ತಾಗುತ್ತದೆ. ನಿಗಮದ ಹಣಕ್ಕೆ ಒಡೆಯರು ಲಕ್ಷಾಂತರ ಜನ. ಅವರಲ್ಲಿ ಒಬ್ಬನಿಗೂ ಆ ಪೆಟ್ಟಿಗೆ ಎಲ್ಲಿದೆಯೆಂದು ತಿಳಿಯದು.

ನಮ್ಮ ತಂದೆಯವರ ವಿಷಯವನ್ನೇ ತೆಗೆದುಕೊಳ್ಳಿ. ಮುಂದ್ರಾ ಪ್ರಕರಣದಿಂದ ಅವರ ಪಾಲಿಸಿಗೆ ಅಪಾಯವೇನೂ ಆಗಲಿಲ್ಲ, ಏಕೆಂದರೆ ಪಾಲಿಸಿಗಳ ಮೊತ್ತಕ್ಕೆ ಕೇಂದ್ರ ಸರ್ಕಾರವೇ ಕಾಯಿದೆಯಲ್ಲಿ ಖಾತರಿ ಕೊಟ್ಟಿತ್ತು. 1980ರಲ್ಲಿ ಬೋನಸ್ಸೂ ಸೇರಿ ಬರಬೇಕಾದ ಹಣ ಬಂದಿತು. ಮೈಸೂರಿನಲ್ಲಿ ನಾನು ಬಿ.ಎಡ್. ಓದಿದ್ದು ಆ ಹಣದಲ್ಲಿ. ನಾನು ನಿಮಗೆ ಮೇಷ್ಟ್ರಾದದ್ದು ಆ ರಸೀದಿಗಳ ದಾರದಿಂದ ಎಂದರೂ ತಪ್ಪಲ್ಲ. ಆ ಸಂದರ್ಭದಲ್ಲೇ ತಂದೆಯವರು ಮುಂದ್ರಾ ಪ್ರಕರಣವನ್ನು ನನಗೆ ಮೊದಲ ಸಲ ಹೇಳಿದ್ದು. 1958ರಲ್ಲಿ, ನಾನು ಹುಟ್ಟಿದ ವರ್ಷ, ಸಂಘದ ಜಗಲಿಯ ಮೇಲೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹತ್ತು ಜನರಿಗೆ ಕೇಳಿಸುತ್ತಿದ್ದರಂತೆ. ಕಥೆ ಮುಗಿಸಿ ಅವರು ಹೇಳಿದ ಮಾತು ಇಷ್ಟೇ: "ನೋಡಪ್ಪ, ಕಿರ್ದಿಯಲ್ಲಿ ರುಜು ಹಾಕುವವನು ಹಣ ಮುಟ್ಟದೇ ಇರಬಹುದು. ಆದರೆ ಓದದೆ ರುಜು ಹಾಕಿದರೆ ಕದ್ದವನಿಗೆ ದೀಪ ಹಿಡಿದ ಹಾಗೆ."

ಮಾತನ್ನು ಕೇಳಿದೆ, ತಲೆಯಾಡಿಸಿದೆ. ಸಮಯ ಬಂದಾಗ ಮರೆತೆ. ಈ ಲೇಖನ ತಡವಾಗಲು ಕಾರಣ ಇದೇ.

ನಿಮ್ಮಲ್ಲಿ ಕೆಲವರಿಗೆ ಸಂಚಯಿಕಾ ನೆನಪಿರಬಹುದು. ಮಕ್ಕಳಲ್ಲಿ ಉಳಿತಾಯದ ಅಭ್ಯಾಸ ಬೆಳೆಸಲು ಶಾಲೆಯಲ್ಲೇ ನಡೆಸುತ್ತಿದ್ದ ಪುಟ್ಟ ಬ್ಯಾಂಕು ಅದು. ವಾರಕ್ಕೊಮ್ಮೆ ನಾಲ್ಕಾಣೆ, ಎಂಟಾಣೆ, ಒಂದು ರೂಪಾಯಿ ತಂದು ಕಟ್ಟುತ್ತಿದ್ದಿರಿ. ನಿಮ್ಮ ಕೈಯಲ್ಲಿ ಒಂದು ಚೀಟಿ ಪುಸ್ತಕ; ಒಟ್ಟು ಹಣ ಅಂಚೆ ಕಚೇರಿಯ ಖಾತೆಯಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ನಾನಿದ್ದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ವರ್ಗವಾಗಿ ನನಗೆ ಪ್ರಭಾರ ಬಂದಿತು. ಸಂಚಯಿಕಾವನ್ನು ಸಹೋದ್ಯೋಗಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಪ್ರತಿ ತಿಂಗಳೂ ರಿಜಿಸ್ಟರನ್ನೂ ಅಂಚೆ ಕಚೇರಿಯ ಪಾಸ್‌ಬುಕ್ಕನ್ನೂ ತಾಳೆ ನೋಡಿ ರುಜು ಹಾಕುವುದು ನನ್ನ ಕೆಲಸ. "ಪಾಸ್‌ಬುಕ್ ಅಂಚೆ ಕಚೇರಿಯಲ್ಲಿದೆ ಸಾರ್, ನಾಳೆ ತರುತ್ತೇನೆ" ಎಂದು ಅವರೆಂದರು. ನಾನು ರುಜು ಹಾಕಿದೆ. ಹೀಗೆ ಏಳು ತಿಂಗಳು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ತಂದೆಗೆ ಬೇರೆ ಊರಿಗೆ ವರ್ಗವಾಯಿತೆಂದು, ತನ್ನ ಉಳಿತಾಯದ ನಲವತ್ಮೂರೂವರೆ ರೂಪಾಯಿ ಕೇಳಲು ಬಂದಳು. "ಸೋಮವಾರ ಬಾಮ್ಮ" ಎಂದೆವು. ಸೋಮವಾರ ಬಂದಳು, ಗುರುವಾರ ಬಂದಳು. ಮೂರನೆಯ ಸಲ ಬಂದಾಗ ತನ್ನ ಚೀಟಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಮೆಲ್ಲಗೆ ಕೇಳಿದಳು: "ಸಾರ್, ಇದರಲ್ಲಿ ನಿಮ್ಮ ರುಜು ಇದೆಯಲ್ಲ?"

ಆ ಸಂಜೆ ಲೆಕ್ಕ ತೆಗೆದೆ. 1,140 ರೂಪಾಯಿ ಕೊರತೆ. ಸಹೋದ್ಯೋಗಿ ಮನೆಯವರ ಕಾಯಿಲೆಗೆ ಖರ್ಚು ಮಾಡಿ, ಸಂಬಳ ಬಂದಾಗ ತುಂಬಿದರಾಯಿತೆಂದು ದಿನ ತಳ್ಳಿದ್ದರು. ಅವರು ಕೆಟ್ಟವರಲ್ಲ, ತಲೆ ತಗ್ಗಿಸಿ ಅತ್ತರು. ಇಬ್ಬರೂ ಸೇರಿ ಸಾಲಸೋಲ ಮಾಡಿ ಮರುದಿನವೇ ಹಣ ತುಂಬಿದೆವು. ಹುಡುಗಿಗೆ ಅವಳ ಹಣ ಸಿಕ್ಕಿತು. ಆದರೆ ಮೇಲಿನ ಕಚೇರಿಗೆ ನಾನು ವರದಿ ಮಾಡಲಿಲ್ಲ. ಏಕೆ ತಡವಾಯಿತೆಂದು ಹುಡುಗಿಯ ತಂದೆ ಕೇಳಿದಾಗ, "ಅಂಚೆ ಕಚೇರಿಯ ಕೆಲಸ, ಸ್ವಲ್ಪ ನಿಧಾನವಾಯಿತು" ಎಂದುಬಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಆ ವಾಕ್ಯ ನನ್ನ ಗಂಟಲಿನಲ್ಲಿ ಮುಳ್ಳಿನಂತೆ ನಿಂತಿದೆ. ಲೋಕಸಭೆಯಲ್ಲಿ ಕೊಟ್ಟ ಅರೆಬರೆ ಉತ್ತರಗಳ ಬಗ್ಗೆ ಮೇಲೆ ಬರೆದೆನಲ್ಲ, ಅದನ್ನು ಬರೆಯುವಾಗ ಕೈ ತಡೆಯಿತು. ಕೋಟಿಯ ಲೆಕ್ಕಕ್ಕೂ ಸಾವಿರದ ಲೆಕ್ಕಕ್ಕೂ ಗಾತ್ರದಲ್ಲಿ ವ್ಯತ್ಯಾಸವಿದೆ. ನನ್ನ ಮತ್ತು ಅವರ ಮಾತಿನಲ್ಲಿ ವ್ಯತ್ಯಾಸವಿರಲಿಲ್ಲ.

ಆ ವರ್ಷ ಆ ಶಾಲೆಯಲ್ಲಿ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹಣವನ್ನು ಏಳು ತಿಂಗಳು ಕಾಯದೆ, ಕಾದೆನೆಂದು ರುಜು ಹಾಕಿದ ನಿಮ್ಮ ಮೇಷ್ಟ್ರನ್ನು ಕ್ಷಮಿಸಿ. ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಟ್ಟಿದ್ದೇನೆ.

ಇನ್ನು, ಪ್ರಶ್ನೆ ಕೇಳಿದ ಶಿಷ್ಯನಿಗೆ ನನ್ನ ಉತ್ತರ. ನಮ್ಮ ಕಾಲದಲ್ಲೂ ಇದೆಲ್ಲ ಇತ್ತಪ್ಪಾ. ಕೇಳುವವರೂ ಇದ್ದರು; ಒಬ್ಬರು ಲೋಕಸಭೆಯಲ್ಲಿ ಕೇಳಿದರು, ಒಬ್ಬಳು ನನ್ನ ಮೇಜಿನ ಮುಂದೆ ನಿಂತು ಕೇಳಿದಳು. ನಿಮ್ಮಲ್ಲಿ ಅನೇಕರು ಇಂದು ಬ್ಯಾಂಕುಗಳಲ್ಲಿ, ಮಂಡಲಿಗಳಲ್ಲಿ, ನಿಗಮಗಳಲ್ಲಿ ರುಜು ಹಾಕುವ ಸ್ಥಾನದಲ್ಲಿದ್ದೀರಿ. ಮೇಲಿನವರು ಬಾಯಿಮಾತಿನಲ್ಲಿ ಹೇಳಿದಾಗ ವಿನಯದಿಂದಲೇ ಬರವಣಿಗೆಯಲ್ಲಿ ಕೇಳಿ. ಪಾಸ್‌ಬುಕ್ ನಾಳೆ ಬರುವುದಾದರೆ ರುಜುವನ್ನೂ ನಾಳೆಗೇ ಇಟ್ಟುಕೊಳ್ಳಿ. ಅದರಿಂದ ಒಬ್ಬಿಬ್ಬರಿಗೆ ಬೇಸರವಾಗಬಹುದು, ಆಗಲಿ. ಎಲ್ಲೋ ಒಂದು ಮನೆಯಲ್ಲಿ ರಸೀದಿಗಳನ್ನು ದಾರಕ್ಕೆ ಪೋಣಿಸುತ್ತಿರುವವನು ನಿಮ್ಮ ಹೆಸರನ್ನೂ ಅರಿಯ. ಅವನು ನಿಮ್ಮನ್ನು ನಂಬಿಯೇ ಕಂತು ಕಟ್ಟುತ್ತಿದ್ದಾನೆ.